ಅಳಿಯಂದಿರು

"ಅಳಿಯಂದ್ರು ಬಂದ್ರು!" ಎಂದು ಅತ್ತೆ ಕೂಗಿದ್ದೇ ತಡ, ಅವನು ಐಸ್ ತುಂಬುತ್ತಿದ್ದ ಸಲಿಕೆ ಬಿಟ್ಟು, "ಏನತ್ತೆ?" ಎಂದು ಓಡಿಬಂದ.

ಮೀನು ಕತ್ತರಿಸುವ ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ಅತ್ತೆ ಒಂದು ಮೀನಿನ ಬಾಯಿ ಅಗಲಿಸಿ ಹಿಡಿದಿದ್ದಳು. ಒಳಗೆ ನಾಲಿಗೆ ಇರಬೇಕಾದ ಜಾಗದಲ್ಲಿ ಬೆಳ್ಳಗಿನ ಹುಳುವೊಂದು ಕಾಲೂರಿ ಕೂತು, ಎರಡು ಕರಿ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು.

ಕೆಲಸಕ್ಕೆ ಸೇರಿ ಅವನಿಗದು ಮೊದಲ ದಿನ. ಶೆಡ್ಡಿನ ಭಾಷೆ ಗೊತ್ತಿರಲಿಲ್ಲ. ಪಕ್ಕದ ಮೇಜಿನ ಗುಂಡಕ್ಕ ಕಣ್ಣೊರೆಸಿಕೊಂಡು ಪಾಠ ಹೇಳಿದಳು. "ಮೀನಿನ ಚರ್ಮಕ್ಕೆ ಅಂಟ್ಕೊಂಡಿರೋ ಹುಳ ನೆಂಟ, ತೊಳೆದ್ರೆ ಹೋಗ್ತಾನೆ. ಕಿವಿರಲ್ಲಿ ಕೂತು ರಕ್ತ ಹೀರೋದು ನಾದಿನಿ. ಹೊಟ್ಟೇಲಿ ಸುರುಳಿ ಸುತ್ಕೊಂಡಿರೋದು ಮೈದುನ. ಬಾಯೊಳಗೆ ಹೊಕ್ಕು, ನಾಲಿಗೆ ತಿಂದು ಮುಗಿಸಿ, ಅಲ್ಲೇ ಠಿಕಾಣಿ ಹೂಡತ್ತಲ್ಲ, ಅದು ಮನೆ ಅಳಿಯ. ನಿಮ್ಮತ್ತೆನೇ ಇಟ್ಟ ಹೆಸರು."

"ಯಾವಾಗ ಇಟ್ರು?"

"ನೀವು ಅವರ ಮನೆಗೆ ಬಂದ ವಾರವೇ."

ಅವನ ಹಳೆಯ ಕಾರ್ಖಾನೆ ಮುಚ್ಚಿದ ಮೇಲೆ ಗಂಡ ಹೆಂಡತಿ ಇಬ್ಬರೂ ಅತ್ತೆಯ ಮನೆ ಸೇರಿದ್ದರು. ಅತ್ತೆ ಅವನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ. ಅಳಿಯಂದಿರು ಎದ್ದರೇ, ಅಳಿಯಂದಿರು ಉಂಡರೇ, ಅಳಿಯಂದಿರಿಗೆ ಇನ್ನೊಂದು ಚೂರು ಬಡಿಸು. ಅದನ್ನು ಮರ್ಯಾದೆ ಎಂದೇ ನಂಬಿದ್ದ, ಪಾಪದ ಪ್ರಾಣಿ.

ಅವನು ಹೆಂಡತಿಯತ್ತ ನೋಡಿದ. ಅವಳು ಕಿಟಕಿಯ ಪಕ್ಕ ನಿಂತು, ಸುಲಿದ ಮೀನಿನ ತುಂಡುಗಳನ್ನು ಬೆಳಕಿಗೆ ಹಿಡಿದು, ಒಳಗೆ ಹುದುಗಿದ ಹುಳುಗಳನ್ನು ಚಿಮಟದಿಂದ ಎಳೆದು ಹಾಕುತ್ತಿದ್ದಳು. ನಿನ್ನೆ ಸಂಜೆ ಇಬ್ಬರೂ ಕದ್ದುಮುಚ್ಚಿ ಒಂದು ಬಾಡಿಗೆ ಕೋಣೆ ನೋಡಿ ಬಂದಿದ್ದರು. ಗೋಡೆಯೆಲ್ಲ ತೇವ. ಆದರೂ ಅವಳು ಒಲೆ ಇಲ್ಲಿ, ಹಾಸಿಗೆ ಅಲ್ಲಿ ಎಂದು ಬೆರಳು ಮಾಡಿ ತೋರಿಸಿದ್ದಳು. ಅಮ್ಮನಿಗೆ ನಾನೇ ಹೇಳ್ತೀನಿ ಎಂದು ಮಾತೂ ಕೊಟ್ಟಿದ್ದಳು. ಈಗ ತಲೆ ಎತ್ತಲಿಲ್ಲ.

ಕೊನೆಗೆ ಅವನೇ ಬಾಯಿಬಿಟ್ಟ. "ಅತ್ತೆ, ನಾವು ಬೇರೆ ಮನೆ ಮಾಡ್ತಿದ್ದೀವಿ."

"ಹೌದಾ? ನಾವು ಅಂದ್ರೆ ಯಾರ್ಯಾರು, ಅಳಿಯಂದ್ರೇ?" ಅತ್ತೆ ಮಗಳ ಕಡೆ ತಿರುಗಿದಳು. "ಏನೇ, ನೀನೂ ಹೊರಟ್ಯಾ?"

ಚೂರಿಗಳೆಲ್ಲ ನಿಂತವು. ಇಂಥ ತಮಾಷೆ ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ.

"ಇವರು ಹೇಳ್ತಾನೇ ಇದ್ರು," ಎಂದಳು ಮಗಳು. "ನಾನೆಲ್ಲಿ ಒಪ್ಕೊಂಡೆ?"

ಅತ್ತೆ ಚೂರಿಯ ತುದಿಯಿಂದ ಹುಳುವನ್ನು ಕಿತ್ತು ಸ್ಟೀಲಿನ ಮೇಜಿನ ಮೇಲೆ ಹಾಕಿದಳು. ಅದು ಅಂಗಾತ ಬಿದ್ದು ಕಾಲುಗಳನ್ನು ಆಡಿಸಿತು. "ಅಳಿಯಂದ್ರು ಬೇರೆ ಮನೆ ಮಾಡಿದ್ರು ನೋಡ್ರೇ," ಎಂದಳು. ಗುಂಡಕ್ಕ ಮೇಜು ಹಿಡಿದುಕೊಂಡು ನಕ್ಕಳು.

ಅವನು ಹೆಂಡತಿಯ ಎದುರಿಗೆ ಹೋಗಿ ನಿಂತ. ಅವಳ ತುಟಿಯ ಕೊನೆಯಲ್ಲೂ ನಗು ಇತ್ತು, ಒಳಗೆ ಎಳೆದುಕೊಳ್ಳಲು ಹೆಣಗುತ್ತಿದ್ದಳು.

"ನಿನ್ನೆ ನೀನೇ ಅಲ್ವೇನೇ..."

"ಸ್ವಲ್ಪ ಆಚೆ ಸರೀರಿ," ಎಂದಳು. "ಬೆಳಕಿಗೆ ಅಡ್ಡ ನಿಂತಿದ್ದೀರಿ."

ಅವನು ಸರಿದ. ಅವಳು ತುಂಡನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಳ್ಳೆಯ ಮಾಲಿನ ತಟ್ಟೆಗೆ ಹಾಕಿದಳು.