ಹಿತ್ತಲಿನ ಕೆಂಪು ಚಿಗುರು

ನನ್ನ ನಾಲಿಗೆಯಾಣೆ, ಇದು ನಮ್ಮ ಸುಂಡಾ ಬೆಟ್ಟದ ಹಳ್ಳಿಯಲ್ಲೇ ನಡೆದದ್ದು. ನಮ್ಮ ನೆರೆಮನೆಯ ಓದಾಂಗನ ಹಿತ್ತಲಲ್ಲಿ ಯಾರೂ ನೆಡದ ಗಿಡವೊಂದು ಒಂದೇ ವಾರದಲ್ಲಿ ಸೂರು ಮುಟ್ಟಿತ್ತು. ನಮ್ಮವರಿಗೆ ಎಳೆ ಚಿಗುರು ಕಂಡರೆ ಸಾಕು, ಅನ್ನದ ಜೊತೆ ಹಸಿಯಾಗೇ ಕಚ್ಚುತ್ತೇವೆ. ಓದಾಂಗನೂ ಅದರ ಕೆಂಪು ಚಿಗುರನ್ನೆಲ್ಲ ಚಿವುಟಿ, ಮೆಣಸಿನ ಚಟ್ನಿಯಲ್ಲಿ ಅದ್ದಿ ತಿಂದು ಮುಗಿಸಿದ. ಆಮೇಲೆ ಹೆಂಡತಿ ರೊಮ್ಲಾಳನ್ನು ಕೇಳಿದ: “ಯಾವ ಗಿಡಾನೇ ಇದು? ಬಾಯೆಲ್ಲ ಒಗರು.”

“ಅಯ್ಯೋ, ಹೆಸರು ಗೊತ್ತಿಲ್ದೆ ತಿಂದ್ರಾ?”

“ಹೆಸರು ಕೇಳ್ಕೊಂಡು ಕೂತ್ರೆ ಅನ್ನ ತಣ್ಣಗಾಗಲ್ವೇನೇ?”

ವಿಷದ ಗಿಡವೇನೋ ಅಂತ ರೊಮ್ಲಾ ಹೆದರಿದಳು. ಉಳಿದಿದ್ದ ಒಂದೆಲೆ ಹಿಡಿದು ಮನೆಮನೆಗೆ ಓಡಿದಳು. ಯಾರಿಗೂ ಗೊತ್ತಿಲ್ಲ. ಕೊನೆಗೆ, ಕಡಲತೀರದಿಂದ ಈ ಊರಿಗೆ ಸೊಸೆಯಾಗಿ ಬಂದಿದ್ದ ಇಚೋ ಅಜ್ಜಿ ಎಲೆಯನ್ನು ಹೊಸಕಿ ಮೂಸಿದಳು.

“ಗೇರು ಗಿಡ ಕಣೇ! ನಮ್ಮ ಕಡೆ ಊಟಕ್ಕೆ ಇದರ ಚಿಗುರಿಲ್ದಿದ್ರೆ ಆಗೋದೇ ಇಲ್ಲ. ನಿನ್ ಗಂಡ ಎಷ್ಟು ತಿಂದ?”

“ಅಷ್ಟೂ ತಿಂದ್ರು, ಅಜ್ಜಿ.”

“ಹೊಟ್ಟೆಬಾಕ! ನಂಗೊಂದು ಹಿಡಿ ಉಳಿಸ್ಬಾರ್ದಿತ್ತಾ?”

ವಿಷವಲ್ಲ ಅಂತ ತಿಳಿದು ರೊಮ್ಲಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅವಳು ಬಿಟ್ಟ ನಿಟ್ಟುಸಿರಿಗೆ ಅಜ್ಜಿಯ ಮೂರು ಕೋಳಿಗಳು ಬೇಲಿಯಾಚೆ ಹಾರಿಹೋದವು.

ಸುಳ್ಳು ಎನ್ನುವವರು ನಿಮ್ಮ ಹಿತ್ತಲಿನಿಂದ ಹೆಸರು ಗೊತ್ತಿಲ್ಲದ ಚಿಗುರು ಒಂದು ಹಿಡಿ ತನ್ನಿ. ಮೊದಲು ನೀವು ತಿನ್ನಿ, ನಾನು ನಾಳೆ ತಿನ್ನುತ್ತೇನೆ.