ನೀಲಿ ಕೀಲಿ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಕುರ್ಚಿಯವನು ಬಂದ. ಅಂತ್ಯಕ್ರಿಯೆಗೆಂದು ಬಾಡಿಗೆಗೆ ತಂದಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿ ಗಾಡಿಗೆ ಹಾಕತೊಡಗಿದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಳಗೆ ಅತ್ತೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು. ಪಾತ್ರೆಗಳೆಲ್ಲ ರಾತ್ರಿಯೇ ತೊಳೆದಾಗಿತ್ತು. ಅವರು ಮತ್ತೆ ತೊಳೆಯುತ್ತಿದ್ದರು.

ನನ್ನ ಗಂಡ ಸತ್ತದ್ದು ಕ್ಷೌರದಂಗಡಿಯಲ್ಲಿ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು ವೈದ್ಯರು. ಅರ್ಧ ಕೂದಲು ಕತ್ತರಿಸಿಯಾಗಿತ್ತು, ಅರ್ಧ ಆಗಿರಲಿಲ್ಲ. ಹಾಗೆಯೇ ಕಳಿಸಿಕೊಟ್ಟೆವು.

ಎರಡೇ ಕುರ್ಚಿ ಉಳಿದಿದ್ದಾಗ ದೊಡ್ಡಣ್ಣ ಬಂದು ಒಂದರ ಮೇಲೆ ಕೂತರು. ಅವರು ಯಾರಿಗೂ ಅಣ್ಣನಲ್ಲ. ಕೀಬೋರ್ಡ್ ನುಡಿಸುವವರು, ಸ್ವಂತ ಸ್ಟುಡಿಯೋ ಇಟ್ಟವರು. ನನ್ನ ಗಂಡನ ಗುಂಪಿನ ವಾದ್ಯಗಾರರೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದರು, ನಾನೂ ಕರೆಯುತ್ತಿದ್ದೆ.

“ನಿದ್ದೆ ಬಂತಾ ತಂಗಿ?”

“ಬಂತು.”

“ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ?”

“ಹೂಂ ಅಣ್ಣ.”

“ಧೈರ್ಯ ತಗೋಬೇಕಮ್ಮ. ನಮ್ಮ ಕೈಲಿ ಏನಿದೆ ಹೇಳು...”

ಕುರ್ಚಿಯವನು ಬಂದು ಅವರ ಪಕ್ಕದಲ್ಲಿ ನಿಂತ. “ಸಾರ್, ಕುರ್ಚಿ.”

ದೊಡ್ಡಣ್ಣ ಎದ್ದರು. ನಿಂತ ಮೇಲೆ ವಿಷಯ ಬೇಗ ಬಂತು. “ಆ ನೀಲಿ ಕೀಲಿ ಇದೆಯಲ್ಲ ತಂಗಿ, ಅವನ ಕಂಪ್ಯೂಟರಿಗೆ ಹಚ್ಚಿರೋದು. ಅದು ನಂದು.”

ಅದು ಅವರದೆಂದು ನನಗೆ ಗೊತ್ತಿತ್ತು. ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ತುಂಡು ಅದು. ಹಾಡನ್ನು ಮುದ್ರಿಸಿ, ಕತ್ತರಿಸಿ, ಹೊಂದಿಸುವ ಸಾಫ್ಟ್‌ವೇರ್ ಅದಿಲ್ಲದೆ ತೆರೆಯುವುದಿಲ್ಲ. ಮೊದಲೆಲ್ಲ ವಾದ್ಯಗಾರರು ಅದನ್ನು ಒಮ್ಮೆ ಕೊಂಡರೆ ಆಯಿತು, ಜೀವನಪೂರ್ತಿ ಅವರದೇ. ಆಮೇಲೆ ಕಂಪನಿ ಮಾರಾಟ ನಿಲ್ಲಿಸಿತು. ಇನ್ನು ಮುಂದೆ ಹೊಸ ಸಾಫ್ಟ್‌ವೇರ್, ತಿಂಗಳು ತಿಂಗಳು ಬಾಡಿಗೆ ಎಂದಿತು.

ಆ ಸುದ್ದಿ ಬಂದ ದಿನ ಎಲ್ಲರೂ ಸೇರಿದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ನಾನು ಚಹಾ ಮಾಡಿ ಮಾಡಿ ಸುಸ್ತಾಗಿದ್ದೆ. “ಪಿಟೀಲಿಗೆ ತಿಂಗಳ ಬಾಡಿಗೆ ಕಟ್ಟು, ಇಲ್ದಿದ್ರೆ ತಂತಿ ಬಿಚ್ಕೊಂಡು ಹೋಗ್ತೀವಿ ಅಂದ ಹಾಗಾಯ್ತು ಇದು,” ಎಂದಿದ್ದಳು ಪಿಟೀಲು ನುಡಿಸುವ ಅಕ್ಕ. “ನಾಳೆ ಏಳು ಸ್ವರಕ್ಕೂ ಬಾಡಿಗೆ ಬರತ್ತೆ, ಬಡವರು ಐದರಲ್ಲೇ ಹಾಡ್ಕೋಬೇಕು,” ಎಂದಿದ್ದ ಗಿಟಾರಿನವನು. ನಗು ನಿಂತ ಮೇಲೆ ನನ್ನ ಗಂಡ ಹೇಳಿದ: “ಯಾರೂ ಕಟ್ಟೋದು ಬೇಡ. ನಾವೆಲ್ಲ ಹಳೇದ್ರಲ್ಲೇ ಕೆಲಸ ಮಾಡೋಣ. ನಾವು ಬಗ್ಗದಿದ್ರೆ ಅವರೇ ಬಗ್ತಾರೆ.” ಎಲ್ಲರೂ ಕೈ ಮೇಲೆ ಕೈ ಇಟ್ಟರು. ಎಲ್ಲಕ್ಕಿಂತ ಮೇಲಿದ್ದದ್ದು ದೊಡ್ಡಣ್ಣನ ಕೈ.

ಆ ವಾರವೇ ನನ್ನ ಗಂಡನ ಸ್ವಂತ ಕೀಲಿ ಚೀಲದೊಳಗೆ ಸಿಕ್ಕಿ ಮುರಿಯಿತು. ಬೇರೆ ಕೊಡುವುದಿಲ್ಲ, ಬಾಡಿಗೆಗೆ ಬನ್ನಿ ಎಂದಿತು ಕಂಪನಿ. ದೊಡ್ಡಣ್ಣ ತಮ್ಮದನ್ನೇ ತಂದುಕೊಟ್ಟರು. ಅವನು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡ. “ಈ ಕಾಲದಲ್ಲಿ ತನ್ನ ಅನ್ನದ ತಟ್ಟೇನೇ ಎತ್ತಿ ಕೊಡೋರು ಯಾರಿದ್ದಾರೆ ಹೇಳು,” ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದ.

“ಈಗಲೇ ಬೇಕಾ ಅಣ್ಣ?” ಎಂದೆ.

“ತಿಂಗಳ ಕೊನೆಯೊಳಗೆ ಸಿಕ್ಕಿದ್ರೆ ಸಾಕು. ಬಾಡಿಗೆ ಎರಡರಷ್ಟು ಮಾಡ್ತಿದ್ದಾರೆ ದರಿದ್ರದವರು. ಹಳೇ ಕೀಲಿ ಒಪ್ಪಿಸಿದೋರಿಗೆ ಮಾತ್ರ ಹಳೇ ದರವಂತೆ. ಒಪ್ಪಿಸಿದ ಮೇಲೆ ಕೀಲಿ ಸತ್ತ ಹಾಗೆ, ಯಾವುದನ್ನೂ ತೆರೆಯೋದಿಲ್ಲ. ಹೋಗ್ಲಿ. ಇಲ್ದಿದ್ರೆ ನಾನೀಗ ಕಟ್ತಿರೋದರ ಎರಡರಷ್ಟು...”

ಅಲ್ಲಿಗೆ ನಿಲ್ಲಿಸಿದರು.

“ನೀವು ಕಟ್ತಿದೀರಾ?”

ಅವರು ಗಾಡಿಯ ಕಡೆ ನೋಡಿದರು.

“ಯಾವಾಗಿಂದ ಅಣ್ಣ?”

“ಶುರುವಿಂದ.”

“ಕೀಲಿ ಕೊಟ್ಟಾಗ?”

“ಅದಕ್ಕೇ ಕೊಟ್ಟೆ ತಂಗಿ. ಮನೇಲಿ ಸುಮ್ನೆ ಬಿದ್ದಿತ್ತು.”

“ಬೇರೆಯವರು?”

“ಎಲ್ರೂ. ಹೊಟ್ಟೆಪಾಡು ನೋಡು. ಅವನಿಗೆ ಹೇಳೋಕೆ ಯಾರಿಗೂ ಬಾಯಿ ಬರ್ಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ...”

ಕುರ್ಚಿಯವನು ಗಾಡಿಗೆ ಹಗ್ಗ ಬಿಗಿದು ಹೊರಟ. ದೊಡ್ಡಣ್ಣನೂ ಹೊರಟರು. ನಲ್ಲಿ ನಿಂತಿತ್ತು. ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು.

“ಕುರ್ಚಿಯವನು ಬಂದ, ಕೀಲಿಯವನೂ ಬಂದ. ಇನ್ನು ಬಾಗಿಲು ಬಿಚ್ಕೊಂಡು ಹೋಗೋರು ಯಾವಾಗ ಬರ್ತಾರಂತೆ?” ಎಂದರು.

ನಾನು ಒಳಗೆ ಹೋಗಿ ಗಂಡನ ಕೋಣೆಯಲ್ಲಿ ಕೂತೆ. ಕಳೆದ ವರ್ಷವೆಲ್ಲ ಅವನಿಗೆ ಕೆಲಸ ಕಡಿಮೆಯಾಗುತ್ತ ಬಂದಿತ್ತು. ಜಾಹೀರಾತಿನವರು, ಹಾಡುವವರು ಎಲ್ಲರೂ ಹೊಸ ಸಾಫ್ಟ್‌ವೇರಿನಲ್ಲಿ ಮಾಡಿದ್ದನ್ನು ಕತ್ತರಿಸಿ ಹೊಂದಿಸಲು ಕಳಿಸುತ್ತಿದ್ದರು. ಅವನ ಹಳೆಯದರಲ್ಲಿ ಅದು ತೆರೆಯುತ್ತಿರಲಿಲ್ಲ. ‘ಹಳೆಯದರಲ್ಲಿ ಕಳಿಸಿ’ ಎಂದು ಬರೆಯುತ್ತಿದ್ದ. ಅವರು ಕಳಿಸುತ್ತಿರಲಿಲ್ಲ, ಬೇರೆಯವರ ಹತ್ತಿರ ಹೋಗುತ್ತಿದ್ದರು. ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಆ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಸಂಜೆ ಬಂದಾಗ ಅವನು ಕೈಕಟ್ಟಿ ಕೂತಿರುತ್ತಿದ್ದ. “ಎಲ್ಲರ ಪಾಡೂ ಇದೇ ಕಣೇ,” ಎನ್ನುತ್ತಿದ್ದ. ಹಾಗೆನ್ನುವಾಗ ಅವನಿಗೆ ಸಮಾಧಾನವಿರುತ್ತಿತ್ತು. ಗುಂಪಿನವರೆಲ್ಲ ತನ್ನ ಹಾಗೆಯೇ ಖಾಲಿ ಕೋಣೆಗಳಲ್ಲಿ ಕೂತಿದ್ದಾರೆ ಎಂದು ಅವನು ತಿಳಿದಿದ್ದ.

ಕೆಲಸವಿಲ್ಲದ ಆ ದಿನಗಳಲ್ಲಿ ಅವನು ತನಗಾಗಿ ಒಂದು ಸಂಗೀತ ಮಾಡುತ್ತಿದ್ದ. ಯಾರೂ ಹೇಳಿ ಮಾಡಿಸಿದ್ದಲ್ಲ. ಅದರಲ್ಲಿ ಮಾತಿರಲಿಲ್ಲ, ಬರೀ ವಾದ್ಯಗಳು. ನಾನು ಬಾಗಿಲಿಗೆ ಬಂದರೆ ನಿಲ್ಲಿಸುತ್ತಿದ್ದ. “ಮುಗಿದ ಮೇಲೆ ಕೇಳುವೆಯಂತೆ.” ಅದು ಆ ಸಾಫ್ಟ್‌ವೇರಿನೊಳಗೇ ಇತ್ತು. ಕೀಲಿ ಹೋದರೆ ಅದೂ ಹೋದಂತೆ. ಕೊಡುವ ಮೊದಲು ಅದನ್ನು ಹೊರಗೆ ತೆಗೆದು ಎಲ್ಲಿ ಬೇಕಾದರೂ ಕೇಳಬಹುದಾದ ಹಾಡಿನ ಕಡತವಾಗಿ ಮಾಡಬೇಕಿತ್ತು. ನನಗೆ ಆ ಕೆಲಸ ಗೊತ್ತಿರಲಿಲ್ಲ. ಪಿಟೀಲು ಅಕ್ಕನಿಗೆ ಫೋನ್ ಮಾಡಿದೆ.

ಅವಳು ಭಾನುವಾರ ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು.

“ನಾನೂ ಕಟ್ತಿದ್ದೆ ಕಣೇ. ಗೊತ್ತಾಗಿರತ್ತಲ್ಲ.”

“ಗೊತ್ತಾಯ್ತು.”

“ಬಯ್ಯೋದಾದ್ರೆ ಬೈದುಬಿಡು. ಆಮೇಲೆ ಕೆಲಸ ಮಾಡೋಣ.”

“ಕೆಲಸ ಮಾಡೋಣ ಅಕ್ಕ.”

ಮೇಜಿನ ಪಕ್ಕದಲ್ಲಿ ಅವನ ಹಳೆಯ ಸಿಂಥಸೈಜರ್ ಇತ್ತು, ಅರ್ಧ ಗುಂಡಿಗಳಿಲ್ಲದ್ದು. ಅದರ ದನಿ ಕಂಪ್ಯೂಟರಿನಲ್ಲಿರಲಿಲ್ಲ. ಸಂಗೀತ ಓಡುವಾಗ ತಂತಿಯ ಮೂಲಕ ನೇರವಾಗಿ ಬರುತ್ತಿತ್ತು. “ಬೇರೆಯೋರ್ದಾದ್ರೆ ಕ್ಷಣದಲ್ಲಿ ತೆಗೀಬಹುದು,” ಎಂದಳು ಅಕ್ಕ. “ಇದನ್ನ ಮೊದಲಿಂದ ಕೊನೆವರೆಗೆ ಓಡಿಸಿ, ಓಡೋವಾಗ್ಲೇ ಹಿಡೀಬೇಕು. ಅವಸರ ಮಾಡೋ ಹಾಗಿಲ್ಲ. ಕೂತು ಕೇಳ್ಬೇಕು.”

ಪರದೆಯ ಮೇಲೆ ಒಂದರ ಕೆಳಗೊಂದು ಸಾಲುಗಳಿದ್ದವು. ಒಂದೊಂದು ವಾದ್ಯಕ್ಕೆ ಒಂದೊಂದು ಸಾಲು, ಸಾಲಿನ ಮೊದಲಲ್ಲಿ ವಾದ್ಯದ ಹೆಸರು. ಎಲ್ಲದರಲ್ಲೂ ದನಿಯ ಗುರುತುಗಳು ಒತ್ತೊತ್ತಾಗಿದ್ದವು. ಒಂದು ಸಾಲು ಮಾತ್ರ ಖಾಲಿ. ಅದರ ಮೊದಲಲ್ಲಿ ‘ಅಕ್ಕನ ಪಿಟೀಲು’ ಎಂದಿತ್ತು.

ಅಕ್ಕ ಆ ಹೆಸರಿನ ಮೇಲೆ ಬೆರಳಿಟ್ಟಳು.

“ಕರೀತಾನೇ ಇದ್ದ. ಕೈ ನೋವು ಅಂದೆ.”

“ಹೌದು, ಹೇಳಿದ್ದ. ಮುಲಾಮು ತಂದುಕೊಟ್ಟಿದ್ದನಲ್ಲ.”

“ಕೊಟ್ಟಿದ್ದ. ನಿನ್ನ ಕೈ ವಾಸಿಯಾಗ್ಲಿ ಅಕ್ಕ, ನಾನು ಕಾಯ್ತೀನಿ ಅಂದ.” ಅವಳು ಮೂಗೊರೆಸಿಕೊಂಡಳು. “ಇಲ್ಲಿ ಬಂದ್ರೆ ‘ಇನ್ನೊಂದು ಸ್ವಲ್ಪ ದಿನ ತಡ್ಕೋ ಅಕ್ಕ, ಕಂಪನಿಯೋರು ಬಗ್ತಾರೆ’ ಅಂತ ನನಗೇ ಧೈರ್ಯ ಹೇಳ್ತಿದ್ದ. ಯಾವ ಮುಖ ಇಟ್ಕೊಂಡು ಬರ್ಲಿ?”

ಅವಳು ಬಾಗಿಲ ಬಳಿ ಇಟ್ಟಿದ್ದ ಪೆಟ್ಟಿಗೆಯ ಕಡೆ ನೋಡಿದಳು.

“ಪಿಟೀಲು ತಂದಿದೀನಿ. ಅವನು ಬರೆದ ಸ್ವರಗಳು ನನ್ನ ಹತ್ರ ಇವೆ. ಈಗ ನುಡಿಸ್ಲಾ? ಪೂರ್ತಿಯಾಗತ್ತೆ.”

ಪೂರ್ತಿಯಾಗುತ್ತಿತ್ತು, ನಿಜ. ಅವನಿದ್ದಿದ್ದರೆ ಕುಣಿದಾಡುತ್ತಿದ್ದ. ಆದರೆ ಅವನಿರಲಿಲ್ಲ, ಬೇಡವೆನ್ನಲು ನಾನಿದ್ದೆ.

“ಬೇಡಕ್ಕ.”

“ನನ್ನ ಮೇಲೆ ಕೋಪಾನಾ?”

“ಕೋಪಾನೇ. ಅದೂ ಇದೆ. ಆದ್ರೆ ಅವನು ಅಷ್ಟು ದಿನ ಕಾದಿದಾನೆ. ಅದನ್ನ ಮುಚ್ಚಿಬಿಡೋದು ಬೇಡ.”

ಅವಳು ಗುಂಡಿ ಒತ್ತಿದಳು. ಸಂಗೀತ ಓಡತೊಡಗಿತು. ನಾನು ಅವನಿಗಾಗಿ ಕಿವಿಗೊಟ್ಟೆ. ಎಲ್ಲಾದರೂ ಒಂದು ಕೆಮ್ಮು, ಒಂದು ‘ಹೂಂ’, ಕುರ್ಚಿ ಕಿರುಗುಟ್ಟುವ ಸದ್ದು. ಏನೂ ಇರಲಿಲ್ಲ. ಹಾಡುವವರ ಉಸಿರಿನ ಸದ್ದನ್ನು ಹುಡುಕಿ ಹುಡುಕಿ ಕತ್ತರಿಸುವುದು ಅವನ ಕೆಲಸವಾಗಿತ್ತು. ಅದರಲ್ಲಿ ಅವನು ಹೆಸರು ಮಾಡಿದ್ದ. ತನ್ನದನ್ನು ಉಳಿಸಿಕೊಳ್ಳುವವನಲ್ಲ.

ಮಧ್ಯದಲ್ಲಿ ಒಂದೊಂದೇ ವಾದ್ಯ ಹಿಂದೆ ಸರಿಯಿತು. ಆ ಹಳೆಯ ಸಿಂಥಸೈಜರ್ ಮಾತ್ರ ಕೆಳಗಿನ ಒಂದೇ ಸ್ವರ ಹಿಡಿದು ನಿಂತಿತು. ಯಾರೋ ಬರುತ್ತಾರೆಂದು ದಾರಿ ಬಿಟ್ಟ ಹಾಗೆ. ಯಾರೂ ಬರಲಿಲ್ಲ. ಅಕ್ಕ ಎಡಗೈ ಬೆರಳುಗಳನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದಳು.

ಅತ್ತೆ ಬಾಗಿಲಿಗೆ ಬಂದರು. “ಕೆಟ್ಟೋಯ್ತಾ?”

“ಇಲ್ಲ ಅತ್ತೆ. ಹೀಗೇ ಇದು.”

ಅವರು ನಿಂತೇ ಕೇಳಿದರು. ವಾದ್ಯಗಳು ಮತ್ತೆ ಸೇರಿಕೊಂಡು, ಮುಗಿಯಿತು. “ಚೆನ್ನಾಗಿದ್ಯಾ ಇದು?” ಎಂದರು.

“ಗೊತ್ತಿಲ್ಲ ಅತ್ತೆ.”

ಇವತ್ತಿಗೂ ಗೊತ್ತಿಲ್ಲ.

ಕೀಲಿ ಬಿಚ್ಚಿ ಮೇಜಿನ ಖಾನೆಯಲ್ಲಿಟ್ಟೆ. ನಾನು ಕೆಲಸಕ್ಕೆ ಹೋಗಿ ಬರತೊಡಗಿದೆ. ದೊಡ್ಡಣ್ಣನ ಫೋನ್ ಬರುತ್ತಿತ್ತು, ನಾನು ಎತ್ತುತ್ತಿರಲಿಲ್ಲ. ತಿಂಗಳು ಮುಗಿಯಲು ಬಂದಿತ್ತು. ಸುಮ್ಮನಿದ್ದರೆ ಸಾಕು, ದಿನ ತಾನಾಗಿ ದಾಟುತ್ತಿತ್ತು. ಏನೂ ಮಾಡದೆ ಇರುವುದು ಆಗ ನನಗೆ ಸುಲಭವಾಗಿ ಬರುತ್ತಿತ್ತು.

“ಕೊಡಬೇಡ,” ಎಂದರು ಅತ್ತೆ. “ಎರಡರಷ್ಟು ಕಟ್ಲಿ. ಕರುಳು ಹಿಂಡ್ಲಿ ಅವನಿಗೂ.”

ಒಂದು ಸಂಜೆ ನನ್ನ ಗಂಡನ ಫೋನಿಗೆ ಕಂಪನಿಯಿಂದ ಮೇಲ್ ಬಂತು. ಓದಿ ನಕ್ಕೆ. ಅವನು ಸತ್ತ ಮೇಲೆ ನಾನು ನಕ್ಕದ್ದು ಅದೇ ಮೊದಲು.

“ಯಾರದ್ದು?” ಎಂದರು ಅತ್ತೆ.

“ಕಂಪನಿಯದ್ದು. ‘ನೀವಿಲ್ಲದೆ ನಮಗೆ ಬೇಸರವಾಗಿದೆ, ಮರಳಿ ಬನ್ನಿ, ಮೊದಲ ತಿಂಗಳು ಉಚಿತ’ ಅಂತ ಬರೆದಿದ್ದಾರೆ.”

“ಪರವಾಗಿಲ್ಲ, ಅವರಿಗಾದ್ರೂ ಬೇಸರವಾಯ್ತಲ್ಲ.”

ಆಮೇಲೆ ಇಬ್ಬರೂ ಊಟಕ್ಕೆ ಕೂತೆವು. ತಟ್ಟೆಯ ಮುಂದೆ ಕೂತು ಯೋಚಿಸಿದೆ. ದಿನ ದಾಟಿಹೋದರೆ ದೊಡ್ಡಣ್ಣನಿಗೆ ನಷ್ಟವಾಗುತ್ತದೆ, ಸರಿ. ಜೊತೆಗೆ ಒಂದು ಮಾತೂ ಸಿಗುತ್ತದೆ. ‘ನನ್ನ ಕೀಲಿ ತಗೊಂಡ, ವಾಪಸ್ ಬರಲಿಲ್ಲ.’ ಸ್ಟುಡಿಯೋಕ್ಕೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. ಹೇಳುತ್ತ ಹೇಳುತ್ತ ಮೋಸ ಹೋದವರು ಅವರೇ ಆಗಿಬಿಡುತ್ತಾರೆ. ಅದು ಸುಳ್ಳೂ ಆಗಿರುವುದಿಲ್ಲ. ನನ್ನ ಗಂಡನ ಮೇಲೆ ಹೇಳಲು ಅವರಿಗೆ ಒಂದೂ ನಿಜವಾದ ಮಾತು ಸಿಗಕೂಡದು.

“ನಾಳೆ ಕೊಟ್ಟು ಬರ್ತೀನಿ ಅತ್ತೆ,” ಎಂದೆ.

ಅತ್ತೆ ನನ್ನ ಮುಖ ನೋಡಿದರು. “ಕೊಡೋದಾದ್ರೆ ನಾಲ್ಕು ಜನರ ಮುಂದೆ ಕೊಡು,” ಎಂದರು.

ಸ್ಟುಡಿಯೋ ಒಂದು ಔಷಧಿ ಅಂಗಡಿಯ ಮೇಲಿದೆ. ಮೆಟ್ಟಿಲು ಹತ್ತುವಾಗಲೇ ದನಿಗಳು ಕೇಳಿದವು. “ಜಿಗಣೆ ಮಕ್ಕಳು, ಎರಡರಷ್ಟಂತೆ!” “ಈ ಸಲ ಯಾರೂ ಕಟ್ಟಬಾರ್ದು ನೋಡಿ, ಒಗ್ಗಟ್ಟಾಗಿರ್ಬೇಕು.” ನಾನು ಅರೆತೆರೆದ ಬಾಗಿಲು ತಳ್ಳಿದೆ. ಮಾತು ನಿಂತಿತು. ಗೋಡೆಗೆ ಬಡಿದ ದಪ್ಪ ಬಟ್ಟೆ ಉಳಿದ ಸದ್ದನ್ನೂ ನುಂಗಿತು. ಗುಂಪಿನವರೆಲ್ಲ ಇದ್ದರು, ಅಕ್ಕನ ಹೊರತು.

“ಬನ್ನಿ ಅತ್ತಿಗೆ, ಕೂತ್ಕೊಳ್ಳಿ,” ಎಂದ ಗಿಟಾರಿನವನು.

ಕೂರಲಿಲ್ಲ. ಕೀಲಿಯನ್ನು ದೊಡ್ಡಣ್ಣನ ಮುಂದೆ ಹಿಡಿದೆ. ಅವರು ತೆಗೆದುಕೊಂಡು ಜೇಬಿಗೆ ಹಾಕಲು ಹೋದರು.

“ಹಚ್ಚಿ ನೋಡಿ ಅಣ್ಣ.”

“ಅಯ್ಯೋ, ನಿನ್ನ ಮೇಲೆ ನಂಬಿಕೆ ಇಲ್ವೇನಮ್ಮ?”

“ಇರಲಿ, ಹಚ್ಚಿ ನೋಡಿ. ಆಮೇಲೆ ಕೆಟ್ಟಿತ್ತು ಅನ್ನೋ ಮಾತು ಬರಬಾರದು.”

ಕಂಪ್ಯೂಟರಿಗೆ ಹಚ್ಚಿದರು. ಸಣ್ಣ ದೀಪ ಹತ್ತಿತು.

“ಸರಿಯಾಗಿದೆಯಾ?”

“ಸರಿಯಾಗಿದೆ.”

“ಅವನು ತಗೊಂಡದ್ದು ವಾಪಸ್ ಬಂತು ಅಂತ ಹೇಳಿ. ಇವರೆಲ್ಲ ಕೇಳಿಸ್ಕೊಳ್ಳಲಿ.”

ದೊಡ್ಡಣ್ಣ ಒಬ್ಬೊಬ್ಬರನ್ನೇ ನೋಡಿದರು. ಅವರಲ್ಲಿ ಯಾರೂ ತಲೆ ಎತ್ತಲಿಲ್ಲ.

“ಬಂತು,” ಎಂದರು. “ಅವನು ತಗೊಂಡದ್ದು ವಾಪಸ್ ಬಂತು.”