ಎಡೆಗೆ ಇಟ್ಟ ಟೇಪು

ಈ ಸಲ ಮಹಾಲಯ ಅಮಾವಾಸ್ಯೆಗೆ ನನ್ನ ಗಂಡನಿಗೂ ಎಡೆ ಇಡಬೇಕು ಎಂದು ಅತ್ತೆ ಹೇಳಿದಾಗ ಒಲೆಯ ಮೇಲಿದ್ದ ಹಾಲನ್ನು ಉಕ್ಕಲು ಬಿಟ್ಟು ಎದ್ದು ಹೊರಗೆ ಹೋದೆ. ಎಡೆ ಇಡುವುದು ಸತ್ತವರಿಗೆ. ಇವರು ಸತ್ತದ್ದನ್ನು ಯಾರು ನೋಡಿ ಬಂದಿದ್ದರು?

ಇವರೆಂದರೆ ಯೋಗಾನಂದ, ಬೆಳಗೋಡಿನಲ್ಲಿ ಜೀಪು ರಿಪೇರಿಯ ಗ್ಯಾರೇಜು ಇಟ್ಟವರು. ಹೋದ ವರ್ಷ ಬೇಸಿಗೆಯಲ್ಲಿ, ಬಿಸಿಲೆ ಕಡೆಯ ಎಸ್ಟೇಟಿನಲ್ಲಿ ಯಾರದೋ ಗಾಡಿ ಕೆಟ್ಟಿದೆ ಎಂದು ಹೊರಟವರು ವಾಪಸು ಬರಲಿಲ್ಲ. ಇವರ ಜೀಪು ಘಾಟಿಯ ಪಕ್ಕದಲ್ಲಿ ಸಿಕ್ಕಿತು. ಕೀ ಅದರಲ್ಲೇ ಇತ್ತು, ಟೂಲ್ ಬಾಕ್ಸ್ ಇತ್ತು, ಅರ್ಧ ಕುಡಿದ ನೀರಿನ ಬಾಟಲಿಯೂ ಇತ್ತು. ಫಾರೆಸ್ಟಿನವರು, ಪೊಲೀಸರು, ಊರವರು ಎಲ್ಲ ಸೇರಿ ವಾರಗಟ್ಟಲೆ ಕಾಡು ಜಾಲಾಡಿದರು. ಆನೆ ಎಂದರು ಕೆಲವರು, ಕಾಲು ಜಾರಿ ಪ್ರಪಾತಕ್ಕೆ ಬಿದ್ದಿರಬೇಕು ಎಂದರು ಕೆಲವರು, ಮಂಗಳೂರಿನಲ್ಲಿ ಕಂಡೆವು ಎಂದವರೂ ಇದ್ದರು. ಆಡುವ ಬಾಯಿಗೆ ಬೀಗ ಹಾಕುವವರು ಯಾರು.

ಇವರು ಬದುಕಿದ್ದಾರೆ ಎನ್ನುವುದಕ್ಕೆ ನನ್ನ ಹತ್ತಿರ ಒಂದೇ ಆಧಾರವಿತ್ತು. ಜೀಪಿನಲ್ಲಿ ಎಲ್ಲವೂ ಸಿಕ್ಕಿತ್ತು, ಡೈಮಂಡ್ ಹೆಡ್ ಕ್ಯಾಸೆಟ್ಟು ಸಿಕ್ಕಿರಲಿಲ್ಲ.

ಇವರಿಗೆ ಇಂಗ್ಲೆಂಡಿನ ಹೆವಿ ಮೆಟಲ್ ಸಂಗೀತದ ಹುಚ್ಚು. ಮಂಗಳೂರಿನಲ್ಲಿ ಐಟಿಐ ಮಾಡುವಾಗ ಹಾಸ್ಟೆಲಿನಲ್ಲಿ ಅಂಟಿಸಿಕೊಂಡು ಬಂದದ್ದು. ಮಕ್ಕಳಿಲ್ಲದ ಮನೆಯಲ್ಲಿ ಒಂದಿಷ್ಟು ಗಲಾಟೆಯಾದರೂ ಇರಲಿ ಎನ್ನುವುದು ಇವರ ವಾದ. ಮದುವೆಯಾದ ಹೊಸದರಲ್ಲಿ ಎಲ್ಲ ಬ್ಯಾಂಡೂ ತಗಡಿನ ಮೇಲೆ ಜಲ್ಲಿ ಸುರಿದಂತೆ ಕೇಳುತ್ತಿತ್ತು. ಬರುಬರುತ್ತಾ, ಸಂತೆಯ ಗದ್ದಲದಲ್ಲೂ ಗುರುತಿನವರ ದನಿ ಸಿಗುವ ಹಾಗೆ, ಇದು ಐರನ್ ಮೇಡನ್, ಇದು ಸ್ಯಾಕ್ಸನ್ ಎಂದು ಅಡುಗೆಮನೆಯಿಂದಲೇ ಹೇಳುವಷ್ಟಾದೆ. ಸ್ಯಾಕ್ಸನ್‌ನವರು ಕಲ್ಲಿದ್ದಲು ಗಣಿಯ ಸೀಮೆಯವರು, ಅದಕ್ಕೇ ದನಿಯಲ್ಲಿ ಆ ಮಸಿ, ಎಂದು ಇವರು ವಿವರಿಸುವರು. ನಾನು ಸೊಪ್ಪು ಬಿಡಿಸುತ್ತಾ ಹೂಂಗುಟ್ಟುವೆ.

ಎಲ್ಲರಿಗಿಂತ ಪ್ರೀತಿ ಡೈಮಂಡ್ ಹೆಡ್ ಮೇಲೆ. ಅವರಿಗೆ ಕೈ ಇತ್ತು, ಹಣೆಬರಹ ಇರಲಿಲ್ಲ, ಅವರಿಂದ ಕಲಿತವರೆಲ್ಲ ಮೇಲೆ ಹೋದರು ಎಂದು ಸ್ವಂತ ತಮ್ಮಂದಿರ ವಿಷಯ ಹೇಳುವಂತೆ ಮರುಗುವರು. ಮಂಗಳೂರಿನ ಅಂಗಡಿಯಲ್ಲಿ ಅವರ ಹಾಡು ತುಂಬಿಸಿಕೊಂಡು ಬಂದ ಆ ಕ್ಯಾಸೆಟ್ಟಿನ ರೀಲು ಒಮ್ಮೆ ಸಿಕ್ಕಿಹಾಕಿಕೊಂಡು ತುಂಡಾಗಿತ್ತು. ಇವರು ರೇಜರ್ ಬ್ಲೇಡಿನಿಂದ ಕೊಯ್ದು, ಅಂಟಿಸಿ, ಸರಿ ಮಾಡಿದ್ದರು. ಅಂದಿನಿಂದ ಮೊದಲ ಹಾಡಿನ ನಡುವೆ ಗಿಟಾರು ಒಂದು ಸಲ ಬಿಕ್ಕಳಿಸುತ್ತದೆ. ಅದನ್ನು ಜೀಪಿನಲ್ಲಿಟ್ಟರೆ ಬಿಸಿಲಿಗೆ ಕೆಡುತ್ತದೆಂದು ಸದಾ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕ್ಯಾಸೆಟ್ಟು ಸಿಗದಿದ್ದ ಮೇಲೆ ಅದು ಇವರ ಜೇಬಿನಲ್ಲೇ ಇರಬೇಕು. ಹಾಗಾದರೆ ಎಲ್ಲೋ ಕೂತು ಕೇಳುತ್ತಿರಬೇಕು. ನಗುವವರು ನಗಲಿ, ನಾನು ಒಂದೂವರೆ ವರ್ಷ ಹಣೆಗೆ ಕುಂಕುಮ ಇಟ್ಟದ್ದು ಈ ಲೆಕ್ಕದ ಮೇಲೆ. ಯಾರಾದರೂ ಯೋಗಣ್ಣಂಗೆ ಕಡುಬು ಅಂದ್ರೆ ಇಷ್ಟ ಇತ್ತು ಎಂದರೆ, ಇತ್ತು ಅಲ್ಲ, ಐತೆ ಅನ್ನಿ, ಎಂದು ಮುಖ ಮುಲಾಜು ನೋಡದೆ ತಿದ್ದುತ್ತಿದ್ದೆ.

ಆದರೆ ಅತ್ತೆ ರಾಮಮ್ಮನನ್ನು ತಿದ್ದಲಾಗಲಿಲ್ಲ. ಹಿತ್ತಲಲ್ಲಿ ನಿಂತಿದ್ದ ನನ್ನ ಹಿಂದೆಯೇ ಬಂದು, ಹೆಗಲ ಮೇಲೆ ಕೈ ಇಟ್ಟರು.

"ಬದುಕಿದ್ರೆ ಎಲ್ಲಾದ್ರೂ ಉಣ್ತಾನೆ ಕಣವ್ವ. ಸತ್ತಿದ್ರೆ? ಯಾರೂ ಇಕ್ಕದೆ ಹಸ್ಕಂಡಿರ್ತಾನಲ್ಲ."

ಹೆತ್ತ ತಾಯಿಯ ಆ ಮಾತು ಕೇಳಿದ ಮೇಲೆ ಎಡೆ ಇಡಿ ಎಂದೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ನಮ್ಮ ಕಡೆಯ ರೂಢಿ, ಮಾವನಿಗೆ ಬೀಡಿ ಕಟ್ಟು ಇಡುತ್ತೇವೆ. ಇವರಿಗೆ ಟೇಪು ಇಡಬೇಕಲ್ಲ, ಅದನ್ನು ನಾನೇ ಹಾಕುತ್ತೇನೆ, ಬೇರೆ ಯಾರೂ ಮುಟ್ಟಬಾರದು ಎಂದು ಷರತ್ತು ಹಾಕಿದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಪ್ಪಿದರು.

ನಾನು ಆರಿಸಿದ್ದು ಡೆಫ್ ಲೆಪರ್ಡ್.

ಆ ಕ್ಯಾಸೆಟ್ಟು ಮೈದುನ ಮೋಹನ್ ಯಾವುದೋ ಕಾಲದಲ್ಲಿ ಹಾಸನದಿಂದ ತಂದುಕೊಟ್ಟದ್ದು. ಅಣ್ಣ ಇಂಗ್ಲೆಂಡಿನ ಗಲಾಟೆ ಕೇಳುತ್ತಾನೆ, ಈ ಬ್ಯಾಂಡಿನವರೂ ಇಂಗ್ಲೆಂಡಿನವರೇ, ಎಂಬಷ್ಟೇ ಅವನ ಜ್ಞಾನ. ಉಕ್ಕಿನ ಊರಲ್ಲಿ ಹುಟ್ಟಿ ಅಮೆರಿಕದ ಸಕ್ಕರೆಪಾಕಕ್ಕೆ ಬಿದ್ದವರು ಎಂದು ಇವರಿಗೆ ಅವರ ಮೇಲೆ ವಿಪರೀತ ಸಿಟ್ಟು. ಮೋಹನನ ಗೃಹಪ್ರವೇಶದ ಊಟದಲ್ಲಿ ಅವನು ಪ್ರೀತಿಯಿಂದ ಅವರದ್ದೇ ಹಾಡು ಹಾಕಿದಾಗ ಇವರು ಪಂಕ್ತಿಯ ನಡುವಿನಿಂದ ಎದ್ದು, ಎಂಜಲು ಕೈಯಲ್ಲೇ ಟೇಪು ಆಫ್ ಮಾಡಿ, ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿಟ್ಟು, ಮತ್ತೆ ಬಂದು ಉಂಡರು. ನೆಂಟರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಂಥವರು ಸತ್ತು ಎಡೆಗೆ ಬಂದರೂ ಆ ಹಾಡು ಕೇಳಿಕೊಂಡು ಉಣ್ಣುವವರಲ್ಲ. ಟೇಪು ಕೊನೆಯವರೆಗೂ ಓಡಿದರೆ ಇವರು ಬಂದಿಲ್ಲ, ಬಂದಿಲ್ಲವೆಂದರೆ ಸತ್ತಿಲ್ಲ. ಅತ್ತೆಗೂ ಸಮಾಧಾನ, ನನಗೂ ಸಾಕ್ಷಿ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಅಮಾವಾಸ್ಯೆಯ ಮಧ್ಯಾಹ್ನ ಮೂಲೆಯ ಕೋಣೆ ಸಾರಿಸಿ, ಬಾಳೆಲೆಯ ಮೇಲೆ ಕಡುಬು, ಕೋಳಿ ಸಾರು ಬಡಿಸಿದೆವು. ಹೊಸ ಪಂಚೆ ಇಟ್ಟೆವು. ಎಲೆಯ ಪಕ್ಕ ಇವರ ಹಳೇ ಟೇಪ್ ರೆಕಾರ್ಡರ್ ಇಟ್ಟು, ಬೇರೆ ಕ್ಯಾಸೆಟ್ಟುಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದು ಬಂದು, ಡೆಫ್ ಲೆಪರ್ಡ್ ಹಾಕಿ ಗುಂಡಿ ಒತ್ತಿದೆ. ದೀಪ ಹಚ್ಚಿ, ಬಾಗಿಲು ಎಳೆದುಕೊಂಡು, ಹಿರಿಯರು ಉಣ್ಣಲಿ ಎಂದು ನಡುಮನೆಯಲ್ಲಿ ಕೂತೆವು. ನಾನು, ಅತ್ತೆ, ಮೋಹನ್. ಆ ಕೋಣೆಗೆ ಇನ್ನೊಂದು ಬಾಗಿಲಿಲ್ಲ, ಇರುವ ಕಿಟಕಿಗೆ ಕಬ್ಬಿಣದ ಸರಳಿದೆ.

ಒಂದು ಹಾಡು ಮುಗಿಯಿತು. ಎರಡನೆಯದು ಶುರುವಾಯಿತು. ನನ್ನ ಎದೆ ಹಗುರವಾಗುತ್ತಾ ಬಂತು. ಜೀವಮಾನದಲ್ಲಿ ಮೊದಲ ಸಲ ಆ ಡೆಫ್ ಲೆಪರ್ಡ್‌ನವರ ಮೇಲೆ ಪ್ರೀತಿ ಉಕ್ಕಿತು, ಇನ್ನೊಂದಿಷ್ಟು ಹಾಡಿ ಪುಣ್ಯಾತ್ಮರೇ ಎಂದುಕೊಂಡೆ.

ಟಕ್ ಎಂದಿತು. ಹಾಡು ನಡುವೆಯೇ ನಿಂತಿತು.

ಕರೆಂಟು ಹೋಯಿತೇನೋ ಎಂದು ತಲೆ ಎತ್ತಿ ನೋಡಿದೆ. ನಡುಮನೆಯ ಫ್ಯಾನು ತಿರುಗುತ್ತಲೇ ಇತ್ತು. ಒಳಗೆ ಟೇಪಿನ ಮುಚ್ಚಳ ತೆರೆದ ಸದ್ದಾಯಿತು. ಆಮೇಲೆ ಪ್ಲಾಸ್ಟಿಕ್ ಡಬ್ಬಿಯೊಂದು ಕಟಕ್ಕೆಂದು ಮುಚ್ಚಿಕೊಂಡ ಸದ್ದು. ಮೋಹನ್ ಎದ್ದು ನಿಂತ. ಅತ್ತೆ ಅವನ ಪಂಚೆ ಹಿಡಿದು ಕೂರಿಸಿದರು, ಉಣ್ಣುವಾಗ ಬಾಗಿಲು ತೆಗೆಯಬಾರದು.

ಮತ್ತೆ ಟಕ್. ಸ್ವಲ್ಪ ಹೊತ್ತು ಬರೀ ಸುಯ್ ಎನ್ನುವ ಸದ್ದು. ಆಮೇಲೆ ಗಿಟಾರು. ನೀರಿನೊಳಗಿಂದ ಬಂದಂತೆ ಮಂದವಾಗಿತ್ತು, ಆದರೆ ಯಾವ ಬ್ಯಾಂಡೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಥದ್ದೇ ಬೇರೆ ಕ್ಯಾಸೆಟ್ಟು ಇರಬಹುದು, ಟ್ರಂಕಿನ ಬೀಗ ಸರಿಯಾಗಿ ಹಾಕಿರಲಿಕ್ಕಿಲ್ಲ ಎಂದು ಮನಸ್ಸು ಏನೇನೋ ತಡಕಾಡಿತು. ದೇವರೇ, ಬಿಕ್ಕಳಿಸದಿರಲಿ ಎಂದು ಸೆರಗಿನ ತುದಿ ಹಿಡಿದು ಕೂತೆ.

ನಡುವೆ ಬಂದು ಗಿಟಾರು ಒಂದು ಸಲ ಬಿಕ್ಕಳಿಸಿತು.

ಆ ಹಾಡು ಮುಗಿಯಿತು. ಟೇಪು ನಿಂತ ಮೇಲೆ ಅತ್ತೆ ಎದ್ದು, ಪದ್ಧತಿಯಂತೆ ಬಾಗಿಲು ಮೆಲ್ಲಗೆ ತಟ್ಟಿ ತೆರೆದರು. ದೀಪ ಉರಿಯುತ್ತಿತ್ತು. ಒಳಗೆ ಊದಿನಕಡ್ಡಿಯ ವಾಸನೆ ಹೋಗಿ ಕೊಳೆತ ತರಗೆಲೆಯ ವಾಸನೆ ತುಂಬಿತ್ತು. ಎಲೆಯ ಮೇಲಿನ ಕಡುಬು ಅರ್ಧ ಮುರಿದಿತ್ತು, ಅನ್ನ ಕಲಸಿದ ಹಾಗೆ ಸಾರಿನಲ್ಲಿ ಬೆರಳು ಎಳೆದ ಗುರುತಿತ್ತು. ಡೆಫ್ ಲೆಪರ್ಡ್ ತನ್ನ ಡಬ್ಬಿಯಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಟೇಪಿನ ಗುಂಡಿಗೆ ಕೋಳಿ ಸಾರಿನ ಎಣ್ಣೆ ಮೆತ್ತಿತ್ತು. ಎಂಜಲು ಕೈ ತೊಳೆಯುವ ಬುದ್ಧಿ ಸತ್ತ ಮೇಲೂ ಬಂದಿರಲಿಲ್ಲ.

"ಉಂಡವ್ನೆ," ಎಂದರು ಅತ್ತೆ. ಗೋಡೆಗೆ ಒರಗಿ ಕೂತು ಅಳತೊಡಗಿದರು. ಆ ಅಳುವಿನಲ್ಲಿ ನೆಮ್ಮದಿಯೂ ಇತ್ತು, ಅದು ನನಗೆ ಕೇಳಿಸಿತು, ಅದಕ್ಕೆ ಹೊಟ್ಟೆ ಉರಿಯಿತು.

ಟೇಪಿನ ಮುಚ್ಚಳ ತೆಗೆದೆ. ಕ್ಯಾಸೆಟ್ಟು ತಣ್ಣಗೆ, ಒದ್ದೆಯಾಗಿತ್ತು. ಹಲ್ಲುಗಾಲಿಯ ತೂತುಗಳಲ್ಲಿ ಕಪ್ಪು ಮಣ್ಣು, ಒಂದು ಅಂಚಿಗೆ ಹಸಿರು ಪಾಚಿ. ಪಾಚಿಯ ಕೆಳಗೆ ಇವರ ಕೈಬರಹ ಅರ್ಧ ಅಳಿಸಿತ್ತು. ಎಲ್ಲಿ ಮಲಗಿದ್ದೀರಿ, ಯಾವ ಮರದ ಬುಡದಲ್ಲಿ ಎಂದು ಕೇಳಬೇಕೆನ್ನಿಸಿತು. ಅದನ್ನು ಸೆರಗಿನಿಂದ ಒರೆಸಿದೆ, ಎಷ್ಟು ಒರೆಸಿದರೂ ನೀರು ಜಿನುಗುತ್ತಲೇ ಇತ್ತು.

ಮೋಹನ್ ಹೊಸ್ತಿಲ ಆಚೆಯೇ ನಿಂತು, ಅದು ಅಣ್ಣನದೇನಾ ಅತ್ತಿಗೆ ಎಂದು ಕೇಳಿದ.

"ಹೂಂ. ನಿಮ್ಮಣ್ಣಂಗೆ ಎಲ್ಲಾದ್ರಲ್ಲೂ ಇದೇ ಇಷ್ಟ ಇತ್ತು."

ನಾನು ಆಡಿದ ಮಾತು ನನಗೇ ಕೇಳಿಸಿತು. ಯಾರೂ ತಿದ್ದಲಿಲ್ಲ.